ಕಲ್ಲಿನ ತುತ್ತು

ಆ ಭಾನುವಾರ ಕೆಡಬಹುದಾಗಿದ್ದದ್ದು ಇಷ್ಟು.

ಸಿದ್ದಾಪುರದಿಂದ ಶಿರಸಿಗೆ ಹೋಗುವ ತಿರುವುಗಳಲ್ಲಿ ಅಪ್ಪನಿಗೆ ವಾಂತಿಯಾಗಬಹುದಿತ್ತು. ಶಿರಸಿ ದಾಟುವಷ್ಟರಲ್ಲಿ ಉಸಿರು ಕಟ್ಟಬಹುದಿತ್ತು. ಕಟ್ಟಿದರೆ, ಭಾನುವಾರವಾದ್ದರಿಂದ, ಡಾಕ್ಟರು ಊರಲ್ಲಿಲ್ಲದೆ ಇರಬಹುದಿತ್ತು. ಟೈರು ಪಂಕ್ಚರ್ ಆಗಬಹುದಿತ್ತು, ಬದಲಿ ಟೈರು ಮೊದಲೇ ಪಂಕ್ಚರ್ ಆಗಿ ಕೂತಿರಬಹುದಿತ್ತು. ಜನವರಿಯಾದರೂ ಮಳೆ ಬರಬಹುದಿತ್ತು, ಬಂದ ವರ್ಷಗಳಿವೆ. ಗಿರಣಿಗೆ ಅವತ್ತು ರಜೆ ಇರಬಹುದಿತ್ತು. ರಜೆ ಇಲ್ಲದಿದ್ದರೆ ಕಾಲುವೆಯಲ್ಲಿ ನೀರಿಲ್ಲದಿರಬಹುದಿತ್ತು. ನೀರಿದ್ದರೂ ಚಕ್ರ ತಿರುಗದಿರಬಹುದಿತ್ತು. ಚಕ್ರ ತಿರುಗಿದರೂ 'ಮುಟ್ಟಬೇಡಿ' ಎಂಬ ಬೋರ್ಡಿನ ಆಚೆಗೆ ಅಪ್ಪನನ್ನು ಬಿಡದಿರಬಹುದಿತ್ತು. ಬಿಟ್ಟರೆ ಅಟ್ಟದ ಮೆಟ್ಟಿಲಲ್ಲಿ ಅಪ್ಪ ಜಾರಬಹುದಿತ್ತು. ಜಾರಿದರೆ ಸೊಂಟದ ಮೂಳೆ. ಎಂಬತ್ತು ದಾಟಿದವರ ಸೊಂಟದ ಮೂಳೆ ಮುರಿದ ಮೇಲೆ ಏನೇನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂಬಿನ ಹತ್ತಿರದ ಮರದಲ್ಲಿ ಹೆಜ್ಜೇನು ಏಳಬಹುದಿತ್ತು. ಕಾರಿನ ಬಾಗಿಲಿಗೆ ಅಪ್ಪನ ಬೆರಳು ಸಿಕ್ಕಬಹುದಿತ್ತು. ಅಪ್ಪನ ಆಧಾರ್ ಕಾರ್ಡು ಮರೆತುಹೋಗಬಹುದಿತ್ತು. ಗಿರಣಿ ನೋಡಲಿಕ್ಕೆ ಆಧಾರ್ ಕಾರ್ಡು ಯಾಕೆ ಎಂದು ಹೆಂಡತಿ ಕೇಳಿದಳು. ಕೇಳುವವರು ಕೇಳಿದರೆ ಏನು ಕೊಡುವುದು ಎಂದೆ ನಾನು.

ಇದರಲ್ಲಿ ಒಂದೂ ಆಗಲಿಲ್ಲ.

ನಾನು ವಿಮಾ ಏಜೆಂಟ. ಇಪ್ಪತ್ತೈದು ವರ್ಷದಿಂದ ಸಿದ್ದಾಪುರ ಸೀಮೆಯ ಜಗಲಿಗಳ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿದು, ಅವರಿಗೆ ಏನೇನು ಆಗಬಹುದು ಎಂದು ಹೇಳಿ ಹೊಟ್ಟೆ ಹೊರೆದವನು. ಕೇಳಿದವರಲ್ಲಿ ಅರ್ಧ ಜನ ನಂಬಿದರು, ಅರ್ಧ ಜನ ನಕ್ಕು ಕಳಿಸಿದರು. ಪೂರ್ತಿ ನಂಬಿದವನು ನಾನೊಬ್ಬನೇ. ಹೇರೂರಿನ ಕಡೆಯ ಒಬ್ಬ ಹಿರಿಯರು ನನ್ನ ಬೈಕಿನ ಸದ್ದು ಕೇಳಿದರೆ ಈಗಲೂ ಒಮ್ಮೆ ದೇವರ ಕೋಣೆಗೆ ಹೋಗಿ ಬಂದೇ ಎದುರು ಕೂರುವುದು. ಅಪ್ಪ ಇದನ್ನೆಲ್ಲ ನೋಡಿ, ನನ್ನ ಮಗ ಬೇರೆಯವರ ಸಾವಿನ ಲೆಕ್ಕ ಬರೆಯುವವನು ಎಂದು ನೆಂಟರಿಗೆ ಪರಿಚಯ ಮಾಡಿಕೊಡುತ್ತಿದ್ದ. ಹೋದ ಚೈತ್ರದಲ್ಲಿ ಅಪ್ಪ ತೀರಿಕೊಂಡ. ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ. ಗಿರಣಿಯ ವಿಷಯ ಗಿರಣಿಯವರು ಹೇಳಬೇಕು, ಕಾಗದದವರಲ್ಲ ಎನ್ನುತ್ತಿದ್ದ.

ಅಪ್ಪ ಗಿರಣಿಯವನು. ಶಿರಸಿಯಿಂದ ಬನವಾಸಿ ಕಡೆಗೆ ಹೋಗುವ ದಾರಿ ಬಿಟ್ಟು ಒಳಕ್ಕೆ ತಿರುಗಿದರೆ, ಬ್ರಿಟಿಷರ ಕಾಲದಲ್ಲಿ ನದಿಗೆ ಅಡ್ಡಗಟ್ಟೆ ಹಾಕಿ ತೋಡಿದ ಒಂದು ಕಾಲುವೆ ಸಿಗುತ್ತದೆ. ಗದ್ದೆಗೆಂದು ತೋಡಿದ್ದು. ಅದು ಒಂದು ಕಡೆ ಆಳೆತ್ತರ ಇಳಿಯುವುದನ್ನು ನೋಡಿದ ಯಾರೋ ಧಣಿ, ಸುಮ್ಮನೆ ಬೀಳುವ ನೀರನ್ನು ಸುಮ್ಮನೆ ಯಾಕೆ ಬೀಳಲು ಬಿಡುವುದೆಂದು ಚಕ್ರ ಕೂರಿಸಿ, ಭತ್ತ ಸುಲಿಯುವ ಗಿರಣಿ ಕಟ್ಟಿಸಿದ. ಗಿರಣಿಯ ಹಿಂದೆ ಕೆಲಸದವರಿಗೆಂದು ಒಂದೇ ಮಾಡಿನ ಕೆಳಗೆ ಹತ್ತು ಮನೆಗಳ ಸಾಲು. ಅದಕ್ಕೆ ಗಿರಣಿಕೇರಿ ಎಂದೇ ಹೆಸರಾಯಿತು. ಸಾಲಿನ ಏಳನೆಯ ಮನೆಯಲ್ಲಿ ನಾನು ಹುಟ್ಟಿದ್ದು. ಅಪ್ಪ ಅಲ್ಲಿ ಕಲ್ಲು ನೋಡಿಕೊಳ್ಳುತ್ತಿದ್ದ. ಅಂದರೆ ಅಟ್ಟದ ಮೇಲಿನ ಗಿರಣಿಯ ಬಾಯಿಗೆ ಭತ್ತ ಸುರಿಯುವುದು, ಕಲ್ಲು ಸವೆದಾಗ ಉಳಿಯಿಂದ ಕಚ್ಚು ಹಾಕುವುದು, ಮೇಲಿನ ಕಲ್ಲು ಮತ್ತು ಕೆಳಗಿನ ಕಲ್ಲಿನ ನಡುವಿನ ಸಂದು ಕಾಯುವುದು. ಸಂದು ಒಂದು ಭತ್ತದ ಕಾಳಿನಷ್ಟು. ಕಾಳು ಇದ್ದರೆ ಕಲ್ಲು ಕಾಳನ್ನು ಸುಲಿಯುತ್ತದೆ. ಇಲ್ಲದಿದ್ದರೆ ಒಂದು ಕಲ್ಲು ಇನ್ನೊಂದನ್ನು ತಿನ್ನುತ್ತದೆ.

ಅದಕ್ಕೇ ಗಿರಣಿಕೇರಿಯಲ್ಲಿ ಒಂದು ಪದ್ಧತಿ ಇತ್ತು. ಸಂಜೆ ನೀರು ಕಟ್ಟುವ ಮುಂಚೆ ಕಲ್ಲಿನವನು ಗಿರಣಿಯ ಬಾಯಿಗೆ ಒಂದು ಸೇರು ಭತ್ತ ಹಾಕಿ, ಅದು ಕಲ್ಲಿನ ನಡುವೆ ಇಳಿಯುವ ಹೊತ್ತಿಗೆ ನೀರು ನಿಲ್ಲಿಸಬೇಕು. ರಾತ್ರಿಯಿಡೀ ಕಲ್ಲಿನ ನಡುವೆ ಕಾಳು ಇರಬೇಕು. ಅದಕ್ಕೆ ಕಲ್ಲಿನ ತುತ್ತು ಎನ್ನುತ್ತಿದ್ದರು. ಬೆಳಿಗ್ಗೆ ಕಲ್ಲು ಬರಿಗಲ್ಲಾಗಿ ಏಳುವುದಿಲ್ಲ, ತುತ್ತು ಸುಲಿಯುತ್ತಲೇ ಏಳುತ್ತದೆ. ಹಾಗೆ ಸುಲಿದು ಬಂದದ್ದನ್ನು ಯಾರ ಅಳತೆಗೂ ಸೇರಿಸದೆ ಹೊರಗೆ ಚೆಲ್ಲುತ್ತಿದ್ದರು, ಗುಬ್ಬಿಗಳಿಗೆ. ತುತ್ತಿನ ಭತ್ತ ಮಾತ್ರ ಕಲ್ಲಿನವನ ಮನೆಯದೇ ಆಗಬೇಕು. ಮಂದಿ ತಂದ ಚೀಲದಿಂದ ತೆಗೆದರೆ ಅದು ಕದ್ದ ಹಾಗೆ. ಸಂಜೆ ಅವ್ವ ಅಪ್ಪನ ಕೈಗೆ ಸೇರಿನ ತುಂಬ ಭತ್ತ ಕೊಟ್ಟು ಕಳಿಸುತ್ತಿದ್ದಳು. ಎಷ್ಟೋ ದಿನ ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚು ಭತ್ತ ಇರುತ್ತಿರಲಿಲ್ಲ.

ಗಿರಣಿ ಮುಚ್ಚಿದಾಗ ನನಗೆ ಹತ್ತು ವರ್ಷ. ಊರೂರಿಗೆ ಕರೆಂಟಿನ ಗಿರಣಿ ಬಂದು, ಕಾಲುವೆ ಗಿರಣಿಗೆ ಗಾಡಿ ಬರುವುದು ನಿಂತಿತ್ತು. ಕೊನೆಯ ದಿನ, ಕೊಳ್ಳುವ ವಿಚಾರವಿದ್ದ ಯಾರೋ ನಾಲ್ಕು ಜನರನ್ನು ಧಣಿಯ ಮಗ ಕರೆತಂದಿದ್ದ. ಅಪ್ಪ ತುತ್ತಿನ ಭತ್ತ ತರಲು ಮನೆಗೆ ಬಂದಿದ್ದ. ಅವನು ಸೇರು ಹಿಡಿದುಕೊಂಡು ಹಿಂದಿರುಗುವಷ್ಟರಲ್ಲಿ ಬಂದವರಿಗೆ ತೋರಿಸಲೆಂದು ಧಣಿಯ ಮಗನೇ ತೂಬಿನ ಹಲಗೆ ಎತ್ತಿಸಿದ್ದ. ಕಲ್ಲು ಬರಿದೇ ತಿರುಗಿತು. ಅಪ್ಪ ಅಂಗಳದಲ್ಲೇ ನಿಂತ. ಬಂದವರು ಕಿವಿ ಮುಚ್ಚಿಕೊಂಡು ನಕ್ಕರಂತೆ, ಸದ್ದು ಅಷ್ಟಿತ್ತು. ನೀರು ಕಟ್ಟಿದರು, ಬಾಗಿಲಿಗೆ ಬೀಗ ಹಾಕಿದರು. ಸೇರಿನ ಭತ್ತವನ್ನು ಅಪ್ಪ ಮನೆಗೆ ವಾಪಸು ತಂದು ಅವ್ವನ ಕೈಗೆ ಕೊಟ್ಟ. ನಾನು ನೋಡಿದ್ದು ಇಷ್ಟು: ಅವ್ವ ಅದನ್ನು ಪಾತ್ರೆಗೆ ಸುರಿಯದೆ ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

ಆಮೇಲೆ ಸಿದ್ದಾಪುರಕ್ಕೆ ಬಂದೆವು. ಅಪ್ಪ ಪೇಟೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ನಿಂತ. ಅಲ್ಲೂ ರಾತ್ರಿ ಬಾಗಿಲು ಹಾಕುವ ಮುಂಚೆ ಮನೆಯಿಂದ ತಂದ ಒಂದು ಹಿಡಿ ಗೋಧಿ ಹಾಕಿ ಬರುತ್ತಿದ್ದ. ಮೋಟಾರಿನ ಕಲ್ಲಿಗೆ ತುತ್ತು ಯಾಕೆ ಎಂದು ಮಾಲೀಕ ಮೊದಲು ಬೈದ, ಆಮೇಲೆ ನಕ್ಕ, ಆಮೇಲೆ ಸುಮ್ಮನಾದ. ಮೂವತ್ತು ವರ್ಷದ ಸದ್ದಿಗೆ ಅಪ್ಪನ ಕಿವಿ ಹೋಯಿತು. ಧೂಳಿಗೆ ಉಸಿರು ಕೆಟ್ಟಿತು. ಅವ್ವ ಅದಕ್ಕೂ ಮೊದಲೇ ಹೋದಳು. ಅಪ್ಪ ನಮ್ಮೊಟ್ಟಿಗೆ, ರೇಡಿಯೋ ಕಿವಿಗೆ ಒತ್ತಿಕೊಂಡು ಜಗಲಿಯ ಬೆಂಚಿನ ಮೇಲೆ ಕೂರುವವನಾದ.

ಹೀಗಿರುವಾಗ ಒಂದು ದಿನ ನನ್ನ ಮೊಬೈಲಿಗೆ ಯಾರೋ ವಿಡಿಯೋ ಕಳಿಸಿದರು. ಗಿರಣಿಕೇರಿಯನ್ನು ಯಾವುದೋ ಟ್ರಸ್ಟಿನವರು ತೆಗೆದುಕೊಂಡು, ಬಿದ್ದ ಗೋಡೆ ಎಬ್ಬಿಸಿ, ಚಕ್ರಕ್ಕೆ ಹೊಸ ಹಲಗೆ ಬಡಿದು, ಜನರಿಗೆ ನೋಡಲು ಇಟ್ಟಿದ್ದಾರೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಗಿರಣಿ ತಿರುಗಿಸಿ ತೋರಿಸುತ್ತಾರೆ. ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಮೊಬೈಲು ಅಪ್ಪನ ಮುಂದೆ ಹಿಡಿದೆ. ಅಪ್ಪನಿಗೆ ಸದ್ದು ಕೇಳಲಿಲ್ಲ. ಚಕ್ರ ನೋಡಿದ, ಕಲ್ಲು ನೋಡಿದ. ಆಮೇಲೆ ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡು ಕೇಳಿದ:

"ಬಾಯಾಗ ಭತ್ತ ಎಲ್ಲೈತಿ?"

ಇಲ್ಲ, ಸುಮ್ಮನೆ ತೋರಿಸಲಿಕ್ಕೆ ತಿರುಗಿಸುವುದು ಎಂದು ಕೂಗಿ ಹೇಳಿದೆ. ಅಪ್ಪ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ನಾನು ಬೈಕು ಹತ್ತುವಾಗ ಕರೆದು, ಇಡೀ ಓಣಿಗೆ ಕೇಳುವ ದನಿಯಲ್ಲಿ ಹೇಳಿದ:

"ಅವರು ದಿನಾ ತಿರುಗಿಸಲಿ, ಅದು ಅವರ ಗಿರಣಿ. ನಂದು ಕಡೀ ದಿನದ ತುತ್ತು ಉಳದೈತಿ ತಮ್ಮಾ. ಒಂದು ಸೇರು ಭತ್ತ ಹಾಕಿ ಬರ್ತೀನಿ. ಒಮ್ಮೆ ಕರಕೊಂಡು ಹೋಗು."

ಅಪ್ಪ ನನ್ನ ಹತ್ತಿರ ಏನಾದರೂ ಕೇಳಿದ್ದು ಅದೊಂದೇ ಎಂದರೆ ಸುಳ್ಳಾದೀತು. ನಶ್ಯ ಕೇಳುತ್ತಿದ್ದ, ರೇಡಿಯೋಗೆ ಸೆಲ್ಲು ಕೇಳುತ್ತಿದ್ದ. ಆದರೆ ನನ್ನಿಂದಲೇ ಆಗಬೇಕಾದದ್ದು ಅಂತ ಕೇಳಿದ್ದು ಅದೊಂದೇ. ನಾನು ಆಯಿತು ಎಂದೆ. ಎಂದು ಎರಡು ಚಳಿಗಾಲ ಮುಂದೂಡಿದೆ. ಒಮ್ಮೆ ಅಪ್ಪನಿಗೆ ಕೆಮ್ಮು, ಒಮ್ಮೆ ರಸ್ತೆ ಅಗೆದಿದ್ದರು, ಒಮ್ಮೆ ಬಿಸಿಲು. ಕಾಲುವೆಗೆ ನೀರು ಬಿಡುವುದೇ ಮಳೆಗಾಲ ಕಳೆದ ಮೇಲಿನ ಕೆಲವು ತಿಂಗಳು. ಅಷ್ಟರಲ್ಲಿ ಕಾರಣ ಹುಡುಕುವುದು ನನ್ನಂಥವನಿಗೆ ಕಷ್ಟವಲ್ಲ. ಮೂರನೆಯ ಚಳಿಗಾಲದಲ್ಲಿ ಡಾಕ್ಟರು, ಕರೆದುಕೊಂಡು ಹೋಗುವುದಾದರೆ ಈಗಲೇ ಹೋಗಿ ಬನ್ನಿ ಎಂದರು. ಅವರ ದನಿ ನನಗೆ ಗೊತ್ತಿದ್ದ ದನಿ. ಜಗಲಿಗಳ ಮೇಲೆ ನಾನೇ ಆಡುವ ದನಿ.

ಈಗ ಭತ್ತ ಬೇಕಾಯಿತು. ಸಿದ್ದಾಪುರ ಪೇಟೆಯಲ್ಲಿ ಹತ್ತು ಬಗೆಯ ಅಕ್ಕಿ ಸಿಗುತ್ತದೆ, ಒಂದು ಸೇರು ಭತ್ತ ಸಿಗುವುದಿಲ್ಲ. ಅಂಗಡಿಯವನು ಬಿತ್ತನೆಗೆ ಬೇಕೋ ಎಂದು ಕೇಳಿ, ಬಿತ್ತನೆ ಭತ್ತಕ್ಕೆ ಔಷಧಿ ಹಚ್ಚಿರುತ್ತದೆ ಎಂದು ಹೆದರಿಸಿದ. ಹೆದರಿಸುವುದು ನನ್ನ ಕೆಲಸ, ನೀನ್ಯಾಕೆ ಮಾಡುತ್ತೀಯ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೊರಬಿದ್ದೆ. ಕಡೆಗೆ ಹೇರೂರಿನ ಅದೇ ಹಿರಿಯರ ಮನೆಗೆ ಹೋದೆ. ಅವರು ಎಂದಿನಂತೆ ದೇವರಿಗೆ ಕೈಮುಗಿದು ಬಂದು ಕೂತರು. ಭತ್ತ ಕೇಳಲು ಬಂದಿದ್ದೇನೆ ಎಂದಾಗ ಅವರ ಮುಖದಲ್ಲಿ ಕಂಡ ನೆಮ್ಮದಿ ನಾನು ಕೊಟ್ಟ ಯಾವ ಪಾಲಿಸಿಯಿಂದಲೂ ಬಂದದ್ದಲ್ಲ. ಒಂದೂವರೆ ಸೇರು ಅಳೆದು ಕೊಟ್ಟರು. ಬೇರೆಯವರ ಮನೆಯ ಭತ್ತ ನಡೆಯುತ್ತದೋ ಎಂಬುದು ನನ್ನ ಮುಂದಿನ ಚಿಂತೆ. ಅಪ್ಪ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, ಒಣಗಿದೆ ಎಂದು ತಲೆಯಾಡಿಸಿ, ಒಂದು ರಾತ್ರಿ ನಮ್ಮ ಅಕ್ಕಿ ಡಬ್ಬಿಯ ಪಕ್ಕದಲ್ಲಿ ಇದ್ದರೆ ನಮ್ಮ ಮನೆಯದೇ ಆಯಿತು ಎಂದ. ಆಮೇಲೆ ಅವ್ವನ ಹಳೆಯ ಸೀರೆಯ ಒಂದು ತುಂಡು ತರಿಸಿ ಅದರಲ್ಲಿ ಸುರಿದ. ಗಂಟು ಮಾತ್ರ ನಾನೇ ಹಾಕಿದೆ. ಚೆಲ್ಲಬಾರದೆಂದು ಎರಡೆರಡು ಗಂಟು.

ಭಾನುವಾರ ಬೆಳಿಗ್ಗೆ ಬಾಡಿಗೆ ಕಾರು ಬಂತು. ಡ್ರೈವರು ಹೆಗ್ಗರಣೆಯ ಕಡೆಯವನು, ಬಾಯಿ ಸುಮ್ಮನಿರದ ಮನುಷ್ಯ. ನಾನು ಜಗಲಿಯಲ್ಲಿ ಚೀಲ ಬಿಚ್ಚಿ, ಪಟ್ಟಿ ನೋಡಿ, ಕಟ್ಟಿದೆ. ಛತ್ರಿ ಬೇಕೆನಿಸಿ ಮತ್ತೆ ಬಿಚ್ಚಿದೆ. ಬಿಪಿ ನೋಡುವ ಮಿಷನ್ನು ಒಳಗೇ ಉಳಿದದ್ದು ನೆನಪಾಗಿ ಮೂರನೆಯ ಸಲ ಬಿಚ್ಚಿದೆ. ಡ್ರೈವರು ಹಾರ್ನು ಹೊಡೆದು, ಚೀಲ ನೋಡಿ ಕೇಳಿದ:

"ಎಂತ ಮಾರಾಯ್ರೆ, ನಾವು ಹೋಗೂದು ಬನವಾಸಿ ಬದಿಗಾ, ಕಾಶಿಗಾ?"

ಅಪ್ಪನಿಗೆ ಕೇಳಿಸಲಿಲ್ಲ, ಆದರೂ ನಕ್ಕ. ಅವನು ಮುಂದಿನ ಸೀಟಿನಲ್ಲಿ ಆಗಲೇ ಕೂತಾಗಿತ್ತು; ತಲೆಗೆ ಹಳದಿ ರುಮಾಲು ಸುತ್ತಿದ್ದ. ಗಿರಣಿಯಲ್ಲಿ ಧೂಳಿಗೆ ಸುತ್ತುತ್ತಿದ್ದಂಥದೇ ರುಮಾಲು. ಅದನ್ನು ಅವನು ಎಲ್ಲಿ ಇಟ್ಟುಕೊಂಡಿದ್ದನೋ.

ದಾರಿಯಲ್ಲಿ ವಾಂತಿಯಾಗಲಿಲ್ಲ. ಉಸಿರು ಕಟ್ಟಲಿಲ್ಲ. ಶಿರಸಿಯಲ್ಲಿ ಇಳಿದು ಚಹಾ ಕುಡಿದೆವು, ಅಪ್ಪ ಬಿಸ್ಕಿಟು ಅದ್ದಿಕೊಂಡು ತಿಂದ. ಬನವಾಸಿ ರಸ್ತೆ ಹಿಡಿದ ಮೇಲೆ ಅವನ ಕಣ್ಣು ಕಿಟಕಿಯಿಂದ ಈಚೆ ಬರಲಿಲ್ಲ. ನನಗೆ ಗೊತ್ತಿದ್ದ ಗದ್ದೆ ಬಯಲೆಲ್ಲ ಅಡಿಕೆ ಸಸಿಯ ಸಾಲುಗಳಾಗಿ, ನಡುನಡುವೆ ಶುಂಠಿ ಕಿತ್ತ ಕೆಂಪು ನೆಲವಾಗಿತ್ತು. ಅಪ್ಪ ಒಂದೊಂದೇ ತುಂಡು ನೆಲಕ್ಕೆ ಬೆರಳು ತೋರಿಸಿ ಅದರ ಭತ್ತದ ತಳಿ ಹೇಳುತ್ತಾ ಹೋದ, ಮನೆಯವರ ಹೆಸರು ಹೇಳುವ ಹಾಗೆ. ಡ್ರೈವರು ಹೂಂಗುಟ್ಟುತ್ತಿದ್ದ. ನಾನು ಹಿಂದೆ ಕೂತು ಚಕ್ರದ ಸದ್ದಿನಲ್ಲಿ ಏನಾದರೂ ವ್ಯತ್ಯಾಸ ಇದೆಯೋ ಎಂದು ಕೇಳುತ್ತಿದ್ದೆ. ಇರಲಿಲ್ಲ.

ಗಿರಣಿಕೇರಿ ತೆರೆದಿತ್ತು. ಕಾಲುವೆ ತುಂಬಿತ್ತು. ಟಿಕೇಟು ಕೊಡುವ ಜಾಗದಲ್ಲಿದ್ದ ಹೆಂಗಸು ಆ ಸೀಮೆಯವಳೇ, ಮೂವತ್ತೈದು ಇರಬಹುದು. ಬಂದವರಿಗೆ ಊರು ತೋರಿಸುವ ಕೆಲಸ ಅವಳದ್ದು. ಅಪ್ಪ ಇಲ್ಲಿ ಕಲ್ಲು ನೋಡಿಕೊಂಡಿದ್ದವರು ಎಂದು ಹೇಳಿದ್ದೇ ತಡ, ಟಿಕೇಟಿನ ಪುಸ್ತಕ ಮುಚ್ಚಿಟ್ಟು ಎದ್ದು ಬಂದಳು. "ಬರ್ರಿ ಅಜ್ಜಾರ, ಸಾವಕಾಶ ಬರ್ರಿ" ಎಂದು ಅಪ್ಪನ ಇನ್ನೊಂದು ತೋಳು ಹಿಡಿದಳು. ನಾನು ಆಧಾರ್ ಕಾರ್ಡು ತೆಗೆಯಲು ಹೋದೆ. ಅವಳು ಅದನ್ನು ನೋಡಲಿಲ್ಲ ಕೂಡ.

ಮೊದಲು ಸಾಲುಮನೆ. ಏಳನೆಯದನ್ನೇ ತೋರಿಸುವ ಮನೆ ಮಾಡಿದ್ದರು. ಬಾಗಿಲಿಗೆ ಅಡ್ಡ ಹಗ್ಗ, ಪಕ್ಕದಲ್ಲಿ 'ಗಿರಣಿ ಕಾರ್ಮಿಕನ ಮನೆ' ಎಂಬ ಬೋರ್ಡು. ಒಳಗೆ ಮಂಚ, ಹಿತ್ತಾಳೆಯ ನಾಲ್ಕು ಹಂಡೆ, ಒಂದು ಚರಕ. ಇಷ್ಟು ಸಿರಿವಂತರು ನಾವೆಂದು ನನಗೆ ಗೊತ್ತಿರಲಿಲ್ಲ. ಅಪ್ಪ ಹಗ್ಗದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, ಒಳಗೆ ಹೋಗಬಹುದೇ ಎಂದು ಆ ಹೆಂಗಸನ್ನು ಕೇಳಿದ. ತನ್ನ ಮನೆಗೆ ಹೋಗಲು ಅಪ್ಪ ಅಪ್ಪಣೆ ಕೇಳುವುದನ್ನು ನೋಡಿ ನಾನು ಬೇರೆ ಕಡೆ ತಿರುಗಿದೆ. ಅವಳು ಹಗ್ಗ ಬಿಚ್ಚಿದಳು. ಅಪ್ಪ ಒಳಗೆ ಹೋಗಿ, ಒಲೆ ಈ ಮೂಲೆಯಲ್ಲಲ್ಲ, ಆ ಮೂಲೆಯಲ್ಲಿ ಇತ್ತು, ಇಲ್ಲಿ ಇಟ್ಟರೆ ಹೊಗೆ ಮನೆಯೊಳಗೇ ಸುತ್ತುತ್ತದೆ, ಹೆಂಗಸರ ಕಣ್ಣು ಹೋಗುತ್ತದೆ ಎಂದ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಹೊರಗೆ ಬಂದ ಮೇಲೆ ಅಪ್ಪ, ನಿಮ್ಮವ್ವ ಈ ಹಂಡೆ ನೋಡಿದ್ದರೆ ನಗುತ್ತಿದ್ದಳು ಎಂದ.

ತುತ್ತಿನ ವಿಷಯ ನಾನು ಹೇಳಿದೆ. ಎಷ್ಟು ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆನೆಂದರೆ, ಒಪ್ಪದಿದ್ದರೆ ಹೇಳಲು ಎರಡನೆಯ ಮಾತು, ಅದಕ್ಕೂ ಒಪ್ಪದಿದ್ದರೆ ಮೂರನೆಯದು, ಎಲ್ಲ ತಯಾರಿತ್ತು. ಮೊದಲನೆಯದಕ್ಕೇ ಅವಳು ಒಪ್ಪಿದಳು. ಇಂಥದೊಂದು ಇತ್ತೆಂದು ತನಗೆ ಯಾರೂ ಹೇಳಿಯೇ ಇರಲಿಲ್ಲ, ತಾವು ದಿನವೂ ಬರಿದೇ ತಿರುಗಿಸುತ್ತಿದ್ದೇವಲ್ಲ ಎಂದು ಬೇಜಾರು ಮಾಡಿಕೊಂಡಳು. ಇವತ್ತೇ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದಳು: ಕಾಲುವೆಗೆ ಸಿಮೆಂಟು ಹಾಕುವ ಕೆಲಸ ಹಿಡಿಯುತ್ತಾರೆ, ಗುರುವಾರದಿಂದ ನೀರು ಬಂದ್, ಇನ್ನು ಗಿರಣಿ ತಿರುಗುವುದು ಮುಂದಿನ ಮಳೆಗಾಲ ಕಳೆದ ಮೇಲೆ. ನಾನದನ್ನು ಅಪ್ಪನ ಕಿವಿಯಲ್ಲಿ ಕೂಗಿದೆ. ಅಪ್ಪ ತಲೆಯಾಡಿಸಿದ. ಮುಂದಿನ ಮಳೆಗಾಲ ಎನ್ನುವಾಗ ನನ್ನ ದನಿ ಸಣ್ಣದಾದದ್ದನ್ನು ಕೇಳಲಾರದವನೂ ಗಮನಿಸಿದನೆಂದು ಕಾಣುತ್ತದೆ. ನನ್ನ ಬೆನ್ನು ತಟ್ಟಿದ.

ಮಧ್ಯಾಹ್ನದ ಸರದಿಗೆ ಜನ ಸೇರಿದರು. ಹಾವೇರಿಯ ಕಡೆಯಿಂದ ಬಂದ ಒಂದು ಕುಟುಂಬ, ಕ್ಯಾಮೆರಾದವರು ಇಬ್ಬರು. ಅಪ್ಪ ಅಟ್ಟದ ಮೆಟ್ಟಿಲು ಹತ್ತಿದ. ಹನ್ನೊಂದು ಮೆಟ್ಟಿಲು. ಒಂದೊಂದಕ್ಕೂ ನಾನು ಕೆಳಗಿನಿಂದ ಕೈ ಚಾಚಿಕೊಂಡೇ ಇದ್ದೆ, ಕರು ಹಿಡಿಯುವವನ ಹಾಗೆ. ಅವನು ಜಾರಲಿಲ್ಲ. ಮೇಲೆ ಹೋದವನು ಒಂದು ನಿಮಿಷ ಉಸಿರು ತೆಗೆದುಕೊಂಡು, ರುಮಾಲು ಸರಿಮಾಡಿಕೊಂಡು, ಗಿರಣಿಯ ಬಾಯಿಯ ಮರದ ಅಂಚಿನ ಮೇಲೆ ಎಡಗೈ ಇಟ್ಟ. ಅದೇ ಜಾಗದಲ್ಲಿ ಮರ ನುಣ್ಣಗಾಗಿ ಸ್ವಲ್ಪ ತಗ್ಗಾಗಿತ್ತು. ಎಲ್ಲ ಹೊಸದು ಮಾಡಿದವರು ಅದೊಂದು ಮರ ಹಳೆಯದೇ ಬಿಟ್ಟಿದ್ದರು. ಅಪ್ಪನ ಅಂಗೈ ಅದರೊಳಗೆ ಹೋಗಿ ಕೂತಿತು.

ಆಗ ನನಗೆ ಏನಾಯಿತೆಂದರೆ, ಚಿಂತೆ ಹೋಯಿತು. ಇದನ್ನು ಎಷ್ಟು ಹೇಳಿದರೂ ನನ್ನನ್ನು ಬಲ್ಲವರು ನಂಬುವುದಿಲ್ಲ. ಮೆಟ್ಟಿಲಾಯಿತು, ನೀರಾಯಿತು, ಅಪ್ಪಣೆಯಾಯಿತು, ಪಟ್ಟಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಹತ್ತು ವರ್ಷದವನಾಗಿದ್ದಾಗ ಕಂಡ ಹಾಗೆಯೇ ಅಪ್ಪ ನಿಂತಿದ್ದ. ಅವನ ನಿಯಮದ ಪ್ರಕಾರ ಭತ್ತ ಮೊದಲು, ನೀರು ಆಮೇಲೆ; ಅದು ನನಗೂ ಗೊತ್ತು. ಹೆಂಗಸು ಕೆಳಗಿನಿಂದ ಗಂಟೆಯ ಹಗ್ಗ ಹಿಡಿದು, ತೂಬಿನ ಹತ್ತಿರ ಇದ್ದವನಿಗೆ ಸೂಚನೆ ಕೊಡಲೇ, ನೀರು ಬಿಡಿಸಲೇ ಎಂದು ಕೇಳಿದಳು. ಭತ್ತ ಚೀಲದಲ್ಲಿದೆ, ಚೀಲ ಹೆಗಲಲ್ಲಿದೆ, ಜಿಪ್ಪು ಎಳೆದರೆ ಆಯಿತು.

"ಬಿಡಿ" ಎಂದೆ.

ಅವಳು ಗಂಟೆ ಬಾರಿಸಿದಳು. ನಾನು ಜಿಪ್ಪು ಎಳೆದೆ. ಮೇಲೆ ಬಿಪಿ ಮಿಷನ್ನು. ಅದರ ಕೆಳಗೆ ಛತ್ರಿ. ಮಾತ್ರೆಯ ಡಬ್ಬಿ, ಉಸಿರಿನ ಪಂಪು, ಅದು ಕೆಟ್ಟರೆ ಇನ್ನೊಂದು ಪಂಪು. ಗ್ಲೂಕೋಸು. ಎರಡು ಟಾರ್ಚು. ಅಪ್ಪನ ಸ್ವೆಟರು, ಬದಲಿ ಪಂಚೆ, ವಾಂತಿಗೆ ಪ್ಲಾಸ್ಟಿಕ್ ಕವರು, ಹೆಜ್ಜೇನು ಕಚ್ಚಿದರೆ ಹಚ್ಚುವ ಮುಲಾಮು. ಅಡಿಯಲ್ಲಿ ಆಧಾರ್ ಕಾರ್ಡಿನ ಝೆರಾಕ್ಸು. ಎಲ್ಲವನ್ನೂ ಅಟ್ಟದ ಹಲಗೆಯ ಮೇಲೆ ಸುರಿದೆ. ಅಪ್ಪ ತಿರುಗಿ ನೋಡದೆ ಬಲಗೈಯನ್ನು ಹಿಂದಕ್ಕೆ ಚಾಚಿದ್ದ, ಗಂಟಿಗೆ. ಆ ಬಲಗೈ ಹಾಗೇ ಇತ್ತು. ನನಗೆ ಆಗ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು: ಬೆಳಿಗ್ಗೆ ಜಗಲಿಯಲ್ಲಿ ಬಿಪಿ ಮಿಷನ್ನಿನ ಡಬ್ಬಿ ಹಿಡಿಸದೆ, ಒಂದೇ ನಿಮಿಷಕ್ಕೆಂದು ನಾನು ಭತ್ತದ ಗಂಟನ್ನು ಚೀಲದಿಂದ ತೆಗೆದು ಬೆಂಚಿನ ಮೇಲೆ ಇಟ್ಟದ್ದು.

ಕೆಳಗೆ ನೀರು ಚಕ್ರಕ್ಕೆ ಬಡಿಯಿತು. ಅಟ್ಟ ನಡುಗಿತು. ಕಲ್ಲು ಎದ್ದಿತು.

ಒಂದು ಕ್ಷಣ ಒಂದು ನೀಚ ಆಸೆ ನನ್ನಲ್ಲಿ ಬಂತು. ಅಪ್ಪನಿಗೆ ಕಿವಿ ಕೇಳುವುದಿಲ್ಲ. ಗೊತ್ತಾಗದೇ ಹೋದೀತು. ಖಾಲಿ ಕೈಯನ್ನು ಗಿರಣಿಯ ಬಾಯಿಗೆ ಒಡ್ಡಿ ಸುರಿದ ಹಾಗೆ ಮಾಡಿದರೆ? ಆದರೆ ಅವನ ಎಡಗೈ ಮರದ ಮೇಲೆ ಇತ್ತು. ಕಲ್ಲು ಕಲ್ಲನ್ನು ಉಜ್ಜುವುದು ಮರದೊಳಗಿನಿಂದ ಬಂದು ಅಂಗೈಗೆ ಮುಟ್ಟುತ್ತಿತ್ತು. ಚಾಚಿದ್ದ ಬಲಗೈಯನ್ನು ಅವನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ. ಸುಟ್ಟ ಕಲ್ಲಿನ ವಾಸನೆ ಏಳತೊಡಗಿತು. ಹಾವೇರಿಯವರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಕ್ಯಾಮೆರಾದವರು ಅಪ್ಪನ ರುಮಾಲು ಬರುವ ಹಾಗೆ ಹಿಡಿಯುತ್ತಿದ್ದರು. ಅಪ್ಪ ತಿರುಗಿ, ಹಲಗೆಯ ಮೇಲೆ ಹರಡಿದ್ದ ನನ್ನ ಸಂಸಾರವನ್ನೆಲ್ಲ ನೋಡಿದ.

"ನೀರು ಕಟ್ಟ ಅನ್ನು" ಎಂದ.

ಕಟ್ಟಿಸಿದೆ. ಹೆಂಗಸು ಓಡಿ ಮೇಲೆ ಬಂದಳು. ಗಾಬರಿಯಲ್ಲಿ ನಾನು, ಪ್ರದರ್ಶನಕ್ಕೆಂದು ಅವರು ಗೋಡೆಗೆ ಒರಗಿಸಿಟ್ಟಿದ್ದ ಭತ್ತದ ಚೀಲಕ್ಕೆ ಕೈ ಹಾಕಿದೆ. ಒಳಗೆ ಮರದ ಹೊಟ್ಟು. ಅವಳು ತನ್ನ ಮನೆಯ ಅಕ್ಕಿ ತರಲೇ ಎಂದಳು, ಪಕ್ಕದ ಊರಿನಲ್ಲಿ ಒಬ್ಬರ ಕಣಜದಲ್ಲಿ ಇನ್ನೂ ಭತ್ತ ಇದೆ, ಅರ್ಧ ಗಂಟೆಯಲ್ಲಿ ತರಿಸುತ್ತೇನೆ ಎಂದಳು. ನಾನು ಅಪ್ಪನ ಕಿವಿಯಲ್ಲಿ ಕೂಗಿದೆ. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, "ಮಂದೀ ಮನೀದು ಆಗಂಗಿಲ್ಲವ್ವಾ" ಎಂದ. ಆಮೇಲೆ, ಮೇಲಿನ ಕಲ್ಲನ್ನು ಒಂದು ಕೂದಲೆಳೆ ಎತ್ತಿಸು, ಬರಿದೇ ತಿರುಗಿಸುವುದಾದರೆ ಅಷ್ಟಾದರೂ ಮಾಡು ಎಂದು ಹೇಳಿಕೊಟ್ಟ. ಅದನ್ನೂ ಅವಳು ಬರೆದುಕೊಂಡಳು. ಬರೆಯುವಾಗ ಅವಳ ಕಣ್ಣು ತುಂಬಿತ್ತು. ನನ್ನದು ತುಂಬಲಿಲ್ಲ, ನಾನು ಟಾರ್ಚು, ಛತ್ರಿ, ಪಂಪುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದೆ. ಈಗ ಎಲ್ಲ ಸಲೀಸಾಗಿ ಹಿಡಿಸಿತು.

ಮೆಟ್ಟಿಲಿಳಿದು ಕಾಲುವೆಯ ಕಟ್ಟೆಯ ಮೇಲೆ ಕೂತೆವು. ಏನು ಹೇಳಿದರೂ ಕೂಗಿ ಹೇಳಬೇಕು. ಕೆಲವು ಮಾತನ್ನು ಕೂಗಿ ಹೇಳಲಿಕ್ಕೆ ಆಗುವುದಿಲ್ಲ. ಅಪ್ಪ ರುಮಾಲು ಬಿಚ್ಚಿ, ಮಡಿಸಿ, ತೊಡೆಯ ಮೇಲೆ ಇಟ್ಟುಕೊಂಡ. ನನ್ನ ಮುಖ ನೋಡಿದ. ಅಂಗಿಯ ತೋಳು ಮೇಲೆ ಸರಿಸಿ, ಕೈಯನ್ನು ನನ್ನ ಮುಂದೆ ಚಾಚಿದ.

"ಮಿಷನ್ನಾದ್ರೂ ತಂದೀಯಲ್ಲ," ಎಂದ. "ನೋಡು."

ನೋಡಿದೆ. ಸರಿಯಾಗಿತ್ತು. ಎರಡು ಸಲ ನೋಡಿದೆ, ಎರಡು ಸಲವೂ ಸರಿಯಾಗಿತ್ತು. ಅಷ್ಟು ಒಳ್ಳೆಯ ಬಿಪಿ ಅಪ್ಪನಿಗೆ ಆ ವರ್ಷದಲ್ಲಿ ಬಂದಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅಪ್ಪ ನಿದ್ದೆ ಮಾಡಿದ, ಅಥವಾ ನನಗೋಸ್ಕರ ಕಣ್ಣು ಮುಚ್ಚಿಕೊಂಡಿದ್ದ. ಈ ವರ್ಷ ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದಾರಂತೆ, ವಿಡಿಯೋ ಬಂದಿದೆ. ಕಲ್ಲಿನವನ ಮನೆಯಲ್ಲಿ ಉಳಿದವನು ಈಗ ನಾನೊಬ್ಬನೇ. ನಾನು ಹಾಕಿದರೆ ಆಗುತ್ತದೋ ಇಲ್ಲವೋ ಎಂದು ಕೇಳಲು ಇದ್ದವನು ಇಲ್ಲ. ಮತ್ತೆ ನನಗೆ ಏನೇನೋ ಕಾರಣಗಳು ಹೊಳೆಯುತ್ತಿವೆ.

ಆ ಭಾನುವಾರ ಸಿದ್ದಾಪುರ ಮುಟ್ಟುವಾಗ ಇನ್ನೂ ಬೆಳಕಿತ್ತು. ಟೈರು ಪಂಕ್ಚರ್ ಆಗಿರಲಿಲ್ಲ, ಮಳೆ ಬಂದಿರಲಿಲ್ಲ, ಅಪ್ಪ ಕಾರಿನಿಂದ ತಾನೇ ಇಳಿದ, ಬೆರಳು ಬಾಗಿಲಿಗೆ ಸಿಕ್ಕಲಿಲ್ಲ. ಎಂದಿನ ಜಾಗದಲ್ಲಿ ಕೂರಲೆಂದು ಬೆಂಚಿನ ಹತ್ತಿರ ಹೋದವನು, ಅಲ್ಲಿದ್ದುದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತ. ಅವ್ವನ ಸೀರೆಯ ತುಂಡು. ಒಂದೂ ಕಾಳು ಚೆಲ್ಲಿರಲಿಲ್ಲ. ಬಿಚ್ಚಲು ನೋಡಿದ, ಆಗಲಿಲ್ಲ. ನಾನು ಹಾಕಿದ ಗಂಟು ಅಷ್ಟು ಬಿಗಿಯಾಗಿತ್ತು.